ಮೇಜು ಬಿಟ್ಟು ಏಳಲಾರದವರು

ಕಾರಿಗೆ ಪೆಟ್ರೋಲು ಹಾಕಿಸಲು ನಿಂತ ಇಬ್ಬರು ಎದುರಿಗಿನ ಸಣ್ಣ ಬಾರಿನೊಳಗೆ ಹೋಗುತ್ತಾರೆ. ತಾವು ಔಷಧಿ ವ್ಯಾಪಾರದವರು, ಪಿಟ್ಸ್‌ಬರ್ಗ್‌ನಲ್ಲಿ ನಡೆಯುವ ಸಮ್ಮೇಳನಕ್ಕೆ ಹೊರಟವರು ಎನ್ನುತ್ತಾರೆ. ಒಬ್ಬ ನಡುವಯಸ್ಸು ದಾಟಿದವ, ಇನ್ನೊಬ್ಬ ಕಣ್ಣು ಕೀಳಲಾಗದಂಥ ಚೆಲುವ. ಅಲ್ಲೊಂದು ಪೂಲ್ ಮೇಜು. ಕುಡಿಯುತ್ತ ಆಡುತ್ತಾರೆ. ಹುಡುಗನಿಗೆ ನಶೆ ಏರಿ ಆಟ ಹದ ತಪ್ಪಿದೆ. ಆದರೂ ಆಗದ ಹೊಡೆತವೊಂದು ಹೇಗೋ ಕೂಡಿಬಂದು ಚೆಂಡು ಪಾಕೆಟ್‌ಗೆ ಬೀಳುತ್ತದೆ. ಕುರುಡು ಅದೃಷ್ಟ ಎಂದು ಜೊತೆಗಾರ ಛೇಡಿಸುತ್ತಾನೆ. ಇನ್ನೊಮ್ಮೆ ಹೊಡೆದು ತೋರಿಸ್ತೀನಿ, ಕಟ್ಟು ದುಡ್ಡು ಎಂದು ಹುಡುಗ ಹಟ ಹಿಡಿಯುತ್ತಾನೆ. ಚೆಂಡುಗಳನ್ನು ಅದೇ ಜಾಗದಲ್ಲಿಟ್ಟು ಹೊಡೆಯುತ್ತಾನೆ, ತಪ್ಪುತ್ತದೆ. ಮತ್ತೊಮ್ಮೆ ಎನ್ನುತ್ತಾನೆ. ಜೊತೆಗಾರ ಬೇಸತ್ತವನಂತೆ ಎದ್ದು ಹೊರಗೆ ಹೋಗುತ್ತಾನೆ. ಈಗ ಬಾರಿನವನಿಗೆ ಆಸೆ ಹುಟ್ಟುತ್ತದೆ. ಕುಡುಕನ ದುಡ್ಡು, ತಾನು ಬಿಟ್ಟರೆ ಇನ್ಯಾರೋ ಹೊಡೆದುಕೊಳ್ಳುತ್ತಾರೆ. ಪಂದ್ಯಕ್ಕೆ ಒಪ್ಪುತ್ತಾನೆ. ಹುಡುಗ ಕ್ಯೂ ಹಿಡಿದು ಬಾಗುತ್ತಾನೆ. ಸ್ವಲ್ಪ ಹೊತ್ತಿಗೆ ಅವನು ಕಾರಿನಲ್ಲಿ ಕೂತು, ನೆಟ್ಟಗಿನ ಕಣ್ಣಿನಿಂದ ನಗುತ್ತ, ಗೆದ್ದ ನೋಟುಗಳನ್ನು ಜೊತೆಗಾರನ ಕೈಗೆ ಕೊಡುತ್ತಿರುತ್ತಾನೆ. ಆಮೇಲೆ ಟೈಟಲ್ ಕಾರ್ಡು: ‘ದಿ ಹಸ್ಲರ್’.

ಹಸ್ಲರ್ ಎಂದರೆ ಯಾರು ಎಂಬುದನ್ನು ಒಂದು ವಿವರಣೆಯೂ ಇಲ್ಲದೆ ಇಷ್ಟರಲ್ಲೇ ಹೇಳಿ ಮುಗಿಸುತ್ತಾರೆ ನಿರ್ದೇಶಕ ರಾಬರ್ಟ್ ರಾಸೆನ್. ಆಟ ಬಾರದವನ ಹಾಗೆ ನಟಿಸಿ, ಎದುರಿನವನ ಆಸೆಯನ್ನು ಕೆರಳಿಸಿ, ಅವನನ್ನು ಬಕ್ರಾ ಮಾಡಿ ದುಡ್ಡು ಕೀಳುವವನು. 1961ರ ಸೆಪ್ಟೆಂಬರ್‌ನಲ್ಲಿ ತೆರೆಕಂಡ, ಎರಡು ಗಂಟೆ ಹದಿನಾಲ್ಕು ನಿಮಿಷಗಳ ಈ ಕಪ್ಪುಬಿಳುಪು ಚಿತ್ರವನ್ನು ಇವತ್ತಿಗೂ ಜನ ಹುಡುಕಿಕೊಂಡು ನೋಡುತ್ತಾರೆ. ಬಹುತೇಕರು ಹುಡುಕುವುದು ಆ ಚೆಲುವನಿಗಾಗಿ, ಅಂದರೆ ಪಾಲ್ ನ್ಯೂಮನ್‌ಗಾಗಿ. ನೋಡಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿಯುವುದು ಮಾತ್ರ ಉಳಿದವರು.

ಕಥೆಯ ಎಳೆ ತೆಳುವಾದದ್ದು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನ ಎಡ್ಡಿ ಫೆಲ್ಸನ್, ಊರೂರಲ್ಲಿ ಇಂಥ ಸಣ್ಣ ಮೋಸ ಮಾಡುತ್ತ, ತನ್ನ ಮ್ಯಾನೇಜರ್ ಚಾರ್ಲಿಯ ಜೊತೆ ನ್ಯೂಯಾರ್ಕಿಗೆ ಬರುತ್ತಾನೆ. ದೇಶದಲ್ಲೇ ಸರಿಸಾಟಿಯಿಲ್ಲದ ಆಟಗಾರ ಎನಿಸಿಕೊಂಡ ಮಿನೆಸೊಟಾ ಫ್ಯಾಟ್ಸ್‌ನನ್ನು ಸೋಲಿಸಬೇಕು ಎಂಬುದೊಂದೇ ಅವನ ತಲೆಯಲ್ಲಿರುವುದು. ಸೋಲುತ್ತಾನೆ. ಮಧ್ಯೆ ಒಂದು ಪ್ರೀತಿ, ಒಂದು ಸಾವು. ಕೊನೆಗೆ ಮತ್ತೆ ಫ್ಯಾಟ್ಸ್ ಎದುರು ನಿಲ್ಲುತ್ತಾನೆ, ಗೆಲ್ಲುತ್ತಾನೆ. ಕ್ರೀಡಾ ಸಿನಿಮಾಗಳ ಮಾಮೂಲು ಜಾಡು ಇದು ಅನ್ನಿಸಿದರೆ ತಪ್ಪಿಲ್ಲ. ಆದರೆ ಈ ಚಿತ್ರ ಕೇಳುವ ಪ್ರಶ್ನೆ ಯಾರು ಗೆದ್ದರು ಎಂಬುದಲ್ಲ. ಮೇಜಿನಿಂದ ಎದ್ದು ಹೋಗಲು ಯಾರಿಗೆ ಸಾಧ್ಯ ಎಂಬುದು. ಹಾಗೆ ನೋಡಿದರೆ ಪಾತ್ರಗಳ ಲೆಕ್ಕವೆಲ್ಲ ಬುಡಮೇಲಾಗುತ್ತದೆ.

ಮೊದಲು ಆಟದ ವಿಷಯ. ಇಲ್ಲಿ ಆಡುವುದು ಸ್ಟ್ರೇಟ್ ಪೂಲ್. ನಮ್ಮ ಪೂಲ್ ಪಾರ್ಲರ್‌ಗಳಲ್ಲಿ ಹುಡುಗರು ಆಡುವ ಎಯ್ಟ್ ಬಾಲ್ ಅಲ್ಲ. ಹದಿನೈದು ಚೆಂಡುಗಳಲ್ಲಿ ಯಾವುದನ್ನಾದರೂ ಹೊಡೆಯಬಹುದು, ಯಾವ ಪಾಕೆಟ್‌ಗಾದರೂ ಹಾಕಬಹುದು, ಆದರೆ ಯಾವುದನ್ನು ಎಲ್ಲಿಗೆ ಎಂದು ಮೊದಲೇ ಹೇಳಿ ಹೊಡೆಯಬೇಕು. ಚೆಂಡಿಗೊಂದು ಪಾಯಿಂಟ್. ಹದಿನಾಲ್ಕು ಬಿದ್ದ ಮೇಲೆ ಉಳಿದೊಂದನ್ನು ಇದ್ದಲ್ಲೇ ಬಿಟ್ಟು, ಬಿದ್ದವನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸಿ ಆಟ ಮುಂದುವರಿಸುತ್ತಾರೆ. ತಪ್ಪುವವರೆಗೂ ಆಡುತ್ತಿರುವವನದೇ ಸರದಿ. ಚಿತ್ರಕ್ಕೆ ಆಟದ ಸಲಹೆಗಾರರಾಗಿದ್ದ ವಿಲ್ಲಿ ಮಾಸ್ಕೋನಿ 1954ರಲ್ಲಿ ಒಂದೂ ತಪ್ಪದೆ 526 ಚೆಂಡುಗಳನ್ನು ಹಾಕಿದ್ದರು. ಕೇರಂನಲ್ಲಿ ಎದುರಾಳಿ ಒಂದೇ ಸರದಿಯಲ್ಲಿ ಬೋರ್ಡು ಮುಗಿಸುವುದನ್ನು ಕೈಕಟ್ಟಿ ನೋಡಿದವರಿಗೆ ಇದರ ಸಂಕಟ ಗೊತ್ತಿರುತ್ತದೆ. ಅವನು ಆಡುತ್ತಿದ್ದಾನೆ, ನೀವು ಕುರ್ಚಿಯಲ್ಲಿದ್ದೀರಿ. ಅಡ್ಡಬರುವಂತಿಲ್ಲ, ತಡೆಯುವಂತಿಲ್ಲ, ಅವನು ತಪ್ಪಲಿ ಎಂದು ಕಾಯುವುದೊಂದೇ ಕೆಲಸ. ರಾಸೆನ್ ಇದನ್ನು ಚೆನ್ನಾಗಿ ಬಲ್ಲವರು. ಎಳೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ಅವರೂ ಪೂಲ್ ಆಡಿ ದುಡ್ಡು ಮಾಡಿದವರೇ, ಅದರ ಬಗ್ಗೆ ಒಂದು ನಾಟಕವನ್ನೂ ಬರೆದಿದ್ದರು. ಹಾಗಾಗಿ ಅವರ ಕ್ಯಾಮೆರಾ ಚೆಂಡಿನ ಹಿಂದೆ ಹೆಚ್ಚು ಓಡುವುದಿಲ್ಲ. ಕೂತವನ ಮುಖ ನೋಡುತ್ತದೆ.

ನಮ್ಮ ದೇಶಕ್ಕೂ ಈ ಜಾತಿಯ ಆಟಗಳಿಗೂ ಹಳೆಯ ನಂಟಿದೆ. ಸ್ನೂಕರ್ ಹುಟ್ಟಿದ್ದೇ 1875ರಲ್ಲಿ, ಜಬಲ್ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳ ನಡುವೆ. ಅದಕ್ಕೊಂದು ನಿಯಮಾವಳಿ ಸಿಕ್ಕಿದ್ದು ನಮ್ಮ ಪಕ್ಕದ ಊಟಿಯ ಕ್ಲಬ್ಬಿನಲ್ಲಿ. ಬೆಂಗಳೂರು ಅರವಿಂದ್ ಸವೂರ್ ಅವರನ್ನೂ ಅವರ ಗರಡಿಯಲ್ಲಿ ಪಳಗಿದ ಪಂಕಜ್ ಅಡ್ವಾಣಿಯವರನ್ನೂ ಕೊಟ್ಟ ಊರು. ಆದರೆ ಇಲ್ಲಿ ಅದು ಕ್ಲಬ್ಬಿನ ಆಟ, ಇಸ್ತ್ರಿ ಮಾಡಿದ ಅಂಗಿಯ ಆಟ. ಅಮೆರಿಕದ ಪೂಲ್‌ಗೆ ಅಂಥ ಮಾನಮರ್ಯಾದೆ ಇರಲಿಲ್ಲ. ಪೂಲ್ ಹಾಲ್ ಎಂದರೆ ಮನೆಯವರು ಹೋಗಬೇಡ ಎನ್ನುವ ಜಾಗ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಚಿತ್ರದೊಳಗಿನ ಹೊಗೆ, ಬೆವರು, ಅವಮಾನ ಎಲ್ಲ ಸರಿಯಾಗಿ ತಟ್ಟುತ್ತವೆ.

ಎಡ್ಡಿ, ಚಾರ್ಲಿ ಮೊದಲ ಸಲ ಕಾಲಿಡುವ ಏಮ್ಸ್ ಹಾಲ್ ಟೈಮ್ಸ್ ಸ್ಕ್ವೇರ್ ಹತ್ತಿರ ನಿಜವಾಗಿಯೂ ಇದ್ದದ್ದು, ಚಿತ್ರೀಕರಣ ಅಲ್ಲೇ ನಡೆಯಿತು. ಹಗಲು ಹೊತ್ತು, ಆಟ ಇನ್ನೂ ಶುರುವಾಗಿಲ್ಲ, ಸಾಲು ಮೇಜುಗಳು ಖಾಲಿ. ಚರ್ಚಿನಂಥ ಮೌನ ಅನ್ನಿಸುತ್ತದೆ ಎಡ್ಡಿಗೆ. ಚಾರ್ಲಿಗೆ ಅದು ಶವಾಗಾರದಂತೆ, ಮೇಜುಗಳು ಹೆಣ ಮಲಗಿಸುವ ಹಲಗೆಗಳಂತೆ ಕಾಣುತ್ತವೆ. ಇಬ್ಬರೂ ಸುಮ್ಮನೆ ಮಾತಿಗೆ ಆಡಿದಂತಿದೆ. ಮುಂದಿನ ಎರಡು ಗಂಟೆಯಲ್ಲಿ ಎರಡೂ ನಿಜವಾಗುತ್ತವೆ.

ರಾತ್ರಿ ಎಂಟಕ್ಕೆ ಫ್ಯಾಟ್ಸ್ ಬರುತ್ತಾನೆ. ಈ ಪಾತ್ರ ಮಾಡಿದ ಜಾಕಿ ಗ್ಲೀಸನ್ ಆ ಕಾಲದ ಟೀವಿಯ ದೊಡ್ಡ ಹಾಸ್ಯನಟ, ‘ದಿ ಹನಿಮೂನರ್ಸ್’ನಲ್ಲಿ ಕೂಗಾಡಿ ಕುಣಿದಾಡಿ ದೇಶವನ್ನೇ ನಗಿಸಿದವರು. ಇಲ್ಲಿ ಆ ಗದ್ದಲದ ಲವಲೇಶವೂ ಇಲ್ಲ. ಭಾರೀ ದೇಹ, ಒಂದು ಸುಕ್ಕಿಲ್ಲದ ಸೂಟು, ಕೋಟಿನ ಎದೆಯಲ್ಲೊಂದು ಹೂವು. ಮೇಜಿನ ಸುತ್ತ ತೇಲುವವನಂತೆ ಓಡಾಡುತ್ತಾನೆ. ಮಾತು ಎಣಿಸಿಟ್ಟ ಹಾಗೆ. ಗ್ಲೀಸನ್‌ಗೆ ಪೂಲ್ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಅವರ ಹೊಡೆತಗಳನ್ನು ಕತ್ತರಿಸದೆ, ಮುಖದಿಂದ ಚೆಂಡಿನವರೆಗೆ ಒಂದೇ ಶಾಟ್‌ನಲ್ಲಿ ತೋರಿಸಲು ಸಾಧ್ಯವಾಯಿತು. ನ್ಯೂಮನ್‌ಗೆ ಆಟ ಹೊಸತು. ಮಾಸ್ಕೋನಿ ಹತ್ತಿರ ಕೂತು ಕಲಿತರು. ತೀರಾ ಕಷ್ಟದ ಹೊಡೆತಗಳಲ್ಲಿ ತೆರೆಯ ಮೇಲೆ ಕಾಣುವ ಕೈ ಮಾಸ್ಕೋನಿಯವರದು. ಪಂದ್ಯದ ದುಡ್ಡು ಹಿಡಿದು ನಿಲ್ಲುವ ಸಣ್ಣ ಪಾತ್ರದಲ್ಲೂ ಅವರನ್ನು ಕಾಣಬಹುದು. ಆದರೆ ನ್ಯೂಮನ್ ಕ್ಯೂ ಹಿಡಿಯುವ ಭಂಗಿಯಲ್ಲೇ ಎಡ್ಡಿಯ ಸ್ವಭಾವ ಇದೆ: ಹೊಡೆದಾದ ಮೇಲೆ ಸುಮ್ಮನಿರಲು ಆಗುವುದಿಲ್ಲ. ನಡೆಯುತ್ತಾನೆ, ಕುಡಿಯುತ್ತಾನೆ, ಮಾತಾಡುತ್ತಾನೆ, ಎದುರಿನವನಿಂದ ಶಭಾಷ್‌ಗಿರಿ ಕಾಯುತ್ತಾನೆ.

ಆಟಕ್ಕೆ 200 ಡಾಲರ್‌ನಿಂದ ಶುರುವಾಗುತ್ತದೆ. ಮೊದಲು ಸೋತು, ಆಮೇಲೆ ಕೈ ಕೂಡಿಬಂದು, ಎಡ್ಡಿ ತಾನೇ ಪಣವನ್ನು ಸಾವಿರಕ್ಕೆ ಏರಿಸುತ್ತಾನೆ. ಫ್ಯಾಟ್ಸ್ ತನ್ನವನೊಬ್ಬನನ್ನು ವಿಸ್ಕಿ ತರಲು ಕಳಿಸುತ್ತಾನೆ. ಅವನು ವಿಸ್ಕಿಯ ಜೊತೆ ಕರೆತರುವುದು ಆಟಗಾರರ ಮೇಲೆ ದುಡ್ಡು ಹೂಡುವ ಬರ್ಟ್ ಗಾರ್ಡನ್‌ನನ್ನು. ಎಡ್ಡಿ 11,000 ಡಾಲರ್ ಮುಂದಿದ್ದಾನೆ. ಸಾಕು, ಏಳು ಎಂದು ಚಾರ್ಲಿ ಅಂಗಲಾಚುತ್ತಾನೆ. ಎಡ್ಡಿ ಏಳುವುದಿಲ್ಲ. ಫ್ಯಾಟ್ಸ್ ಸೋತೆ ಎಂದು ಬಾಯಿಬಿಟ್ಟು ಹೇಳುವವರೆಗೆ ಆಟ ಮುಗಿಯದು ಎನ್ನುತ್ತಾನೆ. ಫ್ಯಾಟ್ಸ್ ಮೂಲೆಯಲ್ಲಿ ಕೂತ ಬರ್ಟ್‌ನ ಕಡೆ ನೋಡುತ್ತಾನೆ. ಬರ್ಟ್ ಎಡ್ಡಿಯನ್ನು ಅಳೆದವನ ಹಾಗೆ, ಆಡು, ಅವನು ಸೋಲುವ ಗಿರಾಕಿ ಎನ್ನುತ್ತಾನೆ.

ಧರ್ಮರಾಯ ಸೋಲುತ್ತ ಸೋಲುತ್ತ ಪಗಡೆಯ ಹಾಸಿನಿಂದ ಏಳಲಾರದೆ ಹೋದ. ಈ ಎಡ್ಡಿ ಗೆಲ್ಲುತ್ತ ಗೆಲ್ಲುತ್ತ ಏಳಲಾರದವನು. ಕೈಯಲ್ಲಿ ದುಡ್ಡಿದೆ, ಆಟದಲ್ಲಿ ಮೇಲುಗೈ ಇದೆ, ಆದರೆ ಅವನಿಗೆ ಬೇಕಾದ ಒಂದು ಮಾತು ಮಾತ್ರ ಎದುರಿನವನ ಬಾಯಲ್ಲಿದೆ. ಅದನ್ನು ಕಿತ್ತುಕೊಳ್ಳಲು ಎಲ್ಲವನ್ನೂ ಒಡ್ಡುತ್ತಾನೆ. 18,000 ಡಾಲರ್ ಮುಂದಿದ್ದವನು ಇಪ್ಪತ್ತೈದು ಗಂಟೆಗಳ ಆಟ ಮುಗಿಯುವ ಹೊತ್ತಿಗೆ 200 ಡಾಲರ್‌ಗೆ ಇಳಿದಿರುತ್ತಾನೆ.

ಈ ಪಂದ್ಯವನ್ನು ಕಟ್ಟಿರುವ ಬಗೆಯನ್ನು ಸಿನಿಮಾ ಕಲಿಯುವವರು ಒಮ್ಮೆ ಕೂತು ನೋಡಬೇಕು. ಸಂಕಲನಕಾರ್ತಿ ಡೀಡಿ ಆಲನ್, ಮುಂದೆ 1967ರಲ್ಲಿ ‘ಬಾನಿ ಅಂಡ್ ಕ್ಲೈಡ್’ ಸಂಕಲನ ಮಾಡಿ ಹೆಸರಾದವರು. ಅವರು ಇಲ್ಲಿ ರೋಚಕತೆಯ ಬೆನ್ನು ಹತ್ತುವುದಿಲ್ಲ. ಒಂದು ಚಿತ್ರ ಇನ್ನೊಂದರೊಳಗೆ ಕರಗುತ್ತದೆ: ಬೀಳುವ ಚೆಂಡು, ಎಣಿಸುವ ನೋಟು, ಗೋಡೆ ಗಡಿಯಾರ, ಹೆಗಲ ಮೇಲೆ ಜಾರಿದ ಅಂಗಿ, ಇನ್ನೊಂದು ಗ್ಲಾಸು. ಕೆನ್ಯನ್ ಹಾಪ್ಕಿನ್ಸ್‌ರ ಜಾಝ್ ಎಲ್ಲೋ ಪಕ್ಕದ ಕೋಣೆಯಲ್ಲಿ ನುಡಿಸಿದಂತೆ ಬಂದು ಹೋಗುತ್ತದೆ. ಗಂಟೆಗಳು ಹೋದದ್ದು ತಿಳಿಯುವುದಿಲ್ಲ, ದಣಿವು ಮಾತ್ರ ನಮ್ಮ ಮೈಗೂ ಅಂಟುತ್ತದೆ. ಬೆಳಿಗ್ಗೆ ಯಾರೋ ಕಿಟಕಿಯ ಪರದೆ ಎಳೆದಾಗ ಬಿಸಿಲು ಹಾಲಿನೊಳಗೆ ನುಗ್ಗುತ್ತದೆ. ಆ ಬೆಳಕನ್ನು ತೆಗೀರಿ ಅಂತ ಎಡ್ಡಿ ಸಿಡುಕುತ್ತಾನೆ. ಅವನ ಲೋಕದಲ್ಲಿ ಬೆಳಗು ಎಂಬುದೊಂದು ಅಡಚಣೆ.

ಆಮೇಲೆ ಬರುವುದು ಇಡೀ ಚಿತ್ರದಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ತುಣುಕು. ಎರಡನೆಯ ರಾತ್ರಿ. ಎಡ್ಡಿ ಅಂಗಿ ಬಿಚ್ಚಿಕೊಂಡು, ಕುಡಿದು, ಜೋತುಬಿದ್ದಿದ್ದಾನೆ. ಫ್ಯಾಟ್ಸ್ ಏನೂ ಹೇಳದೆ ಬಚ್ಚಲ ಕಡೆ ಹೋಗುತ್ತಾನೆ. ಮುಖ ತೊಳೆಯುತ್ತಾನೆ, ತಲೆ ಬಾಚುತ್ತಾನೆ. ಹೊರಗೆ ಬಂದು ಎರಡೂ ಕೈ ಚಾಚಿದರೆ ಅವನವನೊಬ್ಬ ಅಂಗೈಗೆ ಪೌಡರು ಹಾಕುತ್ತಾನೆ. ಕೋಟು ತೊಡಿಸುತ್ತಾರೆ. ಎದೆಯ ಹೂವು ಸರಿ ಮಾಡಿಕೊಳ್ಳುತ್ತಾನೆ. ಈಗ ತಾನೇ ಮನೆಯಿಂದ ಹೊರಟು ಬಂದವನ ಹಾಗೆ ಮೇಜಿನ ಬಳಿ ನಿಂತು, ಬಾ, ಆಡೋಣ ಎನ್ನುತ್ತಾನೆ. ಎಡ್ಡಿ ಆ ಹೊಳೆಯುವ ಮನುಷ್ಯನನ್ನು ಕೆಳಗಿನಿಂದ ಮೇಲಕ್ಕೆ ನೋಡಿ ನಗಲು ಶುರುಮಾಡುತ್ತಾನೆ. ಆ ನಗುವಿನಲ್ಲೇ ಪಂದ್ಯ ಮುಗಿದಿದೆ. ಒಂದು ಚೆಂಡೂ ಅಲುಗಿಲ್ಲ.

ಛಾಯಾಗ್ರಾಹಕ ಯೂಜೆನ್ ಶುಫ್ಟಾನ್‌ಗೆ ಈ ಚಿತ್ರಕ್ಕಾಗಿ ಆಸ್ಕರ್ ಸಿಕ್ಕಿತು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದವರು. ಫ್ರಿಟ್ಸ್ ಲಾಂಗ್‌ರ ‘ಮೆಟ್ರೊಪೊಲಿಸ್’ನಲ್ಲಿ ಕನ್ನಡಿ ಬಳಸಿ ಪುಟ್ಟ ಮಾದರಿಗಳ ಜೊತೆ ನಟರನ್ನು ಕೂಡಿಸಿ ಭಾರೀ ನಗರ ಕಟ್ಟಿ ತೋರಿಸಿದ ತಂತ್ರಕ್ಕೆ ಇಂದಿಗೂ ಅವರದೇ ಹೆಸರು. ‘ದಿ ಹಸ್ಲರ್’ ಸಿನಿಮಾಸ್ಕೋಪ್‌ನಲ್ಲಿದೆ. ಆ ಅಗಲ ತೆರೆಯನ್ನು ಹಾಲಿವುಡ್ ಮಾಡಿಕೊಂಡದ್ದು ರೋಮ್ ಸಾಮ್ರಾಜ್ಯ, ಮರುಭೂಮಿ, ಕುದುರೆ ದಂಡು ತೋರಿಸಲು. ಇವರು ಅದನ್ನು ಒಂದು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸುತ್ತಾರೆ. ತಲೆಯ ಮೇಲೆ ಒತ್ತುವ ತಾರಸಿ, ಜೋತಾಡುವ ದೀಪ, ಎರಡು ಕೊನೆಗಳಲ್ಲಿ ಇಬ್ಬರು, ನಡುವೆ ಖಾಲಿ ಹಾಸು. ಬಣ್ಣದಲ್ಲಿ ತೆಗೆದಿದ್ದರೆ ಕಣ್ಣು ಹಸಿರು ಬಟ್ಟೆಗೂ ಕೆಂಪು ಹಳದಿ ಚೆಂಡುಗಳಿಗೂ ಹೋಗುತ್ತಿತ್ತು. ಕಪ್ಪುಬಿಳುಪಿನಲ್ಲಿ ಚೆಂಡುಗಳಿಗಿಂತ ಮುಖಗಳೇ ಹೊಳೆಯುತ್ತವೆ. ಕಲಾ ನಿರ್ದೇಶನಕ್ಕೂ ಪ್ರಶಸ್ತಿ ಬಂತು, ಹ್ಯಾರಿ ಹಾರ್ನರ್ ಮತ್ತು ಜೀನ್ ಕಾಲಹನ್‌ರಿಗೆ. ಒಂಬತ್ತು ನಾಮನಿರ್ದೇಶನಗಳಲ್ಲಿ ಕೈಗೆ ಬಂದವು ಈ ಎರಡೇ. ಆ ವರ್ಷ ‘ವೆಸ್ಟ್ ಸೈಡ್ ಸ್ಟೋರಿ’ ಎಲ್ಲವನ್ನೂ ಬಾಚಿಕೊಂಡಿತು. ಬರ್ಟ್‌ನ ಪಾತ್ರ ಮಾಡಿದ ಜಾರ್ಜ್ ಸಿ. ಸ್ಕಾಟ್ ತನಗೆ ನಾಮನಿರ್ದೇಶನವೇ ಬೇಡ ಎಂದಿದ್ದರು. ಒಂಬತ್ತು ವರ್ಷದ ಮೇಲೆ ‘ಪ್ಯಾಟನ್’ಗೆ ಬಂದ ಪ್ರಶಸ್ತಿಯನ್ನೂ ಮುಟ್ಟಲಿಲ್ಲ. ಗಿರಾಕಿ ಗಟ್ಟಿ.

ಗಟ್ಟಿತನ ಅಂದೆ. ಬರ್ಟ್ ಎಡ್ಡಿಗೆ ಮಾಡುವ ಉಪದೇಶ ಅದೇ. ಪ್ರತಿಭೆ ನಿನಗಿದೆ, ಅದರಿಂದ ಏನೂ ಆಗದು, ಫ್ಯಾಟ್ಸ್‌ಗೆ ಇರುವುದು ಗಟ್ಟಿತನ, ನಿನಗಿಲ್ಲ. ಸೋಲುವುದಕ್ಕೆ ನೀನೇ ನೆಪ ಹುಡುಕಿಕೊಳ್ಳುತ್ತೀಯ, ಆಮೇಲೆ ನಿನ್ನ ಮೇಲೆ ನೀನೇ ಮರುಗುತ್ತ ಕೂರುವುದು ನಿನಗೆ ಹಿತ. ಸ್ಕಾಟ್ ಇದನ್ನು ಹೇಳುವ ರೀತಿ ನೋಡಬೇಕು: ಗುಂಡು ಹಾಕುವವರ ನಡುವೆ ಹಾಲಿನ ಗ್ಲಾಸು ಹಿಡಿದವನು, ದನಿ ಏರಿಸದವನು, ಎದುರಿನವನ ಕಾಯಿಲೆಯನ್ನು ಹೆಸರಿಟ್ಟು ಹೇಳುವ ವೈದ್ಯನ ಠೀವಿ. ಈ ಮಾತನ್ನೇ ಚಿತ್ರದ ಸಾರ ಎಂದುಕೊಂಡವರು ಬಹಳ ಮಂದಿ. ಪ್ರತಿಭೆಯೊಂದೇ ಸಾಲದು, ಮನೋಬಲ ಬೇಕು ಎಂದು ವ್ಯಕ್ತಿತ್ವ ವಿಕಸನದ ಭಾಷಣಕ್ಕೆ ಹೊಂದುವ ಮಾತು.

ನನಗಿದು ಒಪ್ಪಿಗೆಯಿಲ್ಲ. ಹೇಳಿದವನು ಯಾರು ಎಂದು ನೋಡಿ. ಎಡ್ಡಿಯ ಆಟಕ್ಕೆ ತಾನು ದುಡ್ಡು ಹೂಡುತ್ತೇನೆ, ಗೆದ್ದದ್ದರಲ್ಲಿ ಮುಕ್ಕಾಲು ಪಾಲು ತನಗೆ ಎನ್ನುವವನು. ಅವನ ರೋಗಪರೀಕ್ಷೆ ಸರಿಯಾಗಿಯೇ ಇದೆ, ಅದೇ ಅಪಾಯ. ಎಡ್ಡಿ ಮೊದಲಿಗೆ ಒಪ್ಪದೆ ಎದ್ದು ಹೋಗುತ್ತಾನೆ. ಬಂದರಿನ ಹತ್ತಿರದ ಒಂದು ಕೊಳಕು ಪೂಲ್ ಹಾಲಿನಲ್ಲಿ, ಬಡಾಯಿ ಕೊಚ್ಚುವ ಹುಡುಗನೊಬ್ಬನ ಮೇಲೆ ಸಿಟ್ಟಿಗೆದ್ದು ತನ್ನ ನಿಜವಾದ ಆಟ ತೋರಿಸಿಬಿಡುತ್ತಾನೆ. ಹಸ್ಲರ್ ಎಂದೂ ಮಾಡಬಾರದ ಕೆಲಸ. ಅಲ್ಲಿನವರು ಅವನನ್ನು ಎಳೆದೊಯ್ದು ಎರಡೂ ಹೆಬ್ಬೆರಳು ಮುರಿಯುತ್ತಾರೆ. ಮಸುಕು ಗಾಜಿನ ಆಚೆ ನೆರಳುಗಳಷ್ಟೇ ಕಾಣುತ್ತವೆ, ಕೂಗು ಕೇಳುತ್ತದೆ. ಬೆರಳು ಕೂಡಿದ ಮೇಲೆ ಎಡ್ಡಿ ತಾನಾಗಿ ಬರ್ಟ್‌ನ ಬಳಿ ಬರುತ್ತಾನೆ. ಇಪ್ಪತ್ತೈದು ಪರ್ಸೆಂಟು ಸಾಕು ಎನ್ನುತ್ತಾನೆ.

ಈಗ ಫ್ಯಾಟ್ಸ್‌ನತ್ತ ಇನ್ನೊಮ್ಮೆ ನೋಡಬೇಕು. ಪೌಡರು, ಹೂವು, ಸುಕ್ಕಿಲ್ಲದ ಕೋಟು. ಎಡ್ಡಿಯ ಕಣ್ಣಿಗೆ ಅವನು ಶಿಖರ. ಆದರೆ ಆಡಲೋ ಬೇಡವೋ ಎಂದು ಅವನು ಕೇಳಿದ್ದು ಬರ್ಟ್‌ನ ಕಣ್ಣನ್ನು. ಕೊನೆಯ ಪಂದ್ಯದಲ್ಲಿ ಎಡ್ಡಿಯ ಕೈಯಲ್ಲಿ ಸೋತಾಗ, ತನ್ನ ಪಾಲು ಕೊಡು ಎಂದು ಬರ್ಟ್ ಗದರಿಸಿದಾಗ, ಕೊಟ್ಟುಬಿಡು ಎಂದು ಎಡ್ಡಿಗೆ ಬುದ್ಧಿ ಹೇಳುವುದೂ ಅದೇ ಫ್ಯಾಟ್ಸ್. ಆ ಒಂದು ಮಾತಿನಲ್ಲಿ ಗ್ಲೀಸನ್ ಇಡೀ ಪಾತ್ರವನ್ನು ಬಿಚ್ಚಿಡುತ್ತಾರೆ. ಈ ಮನುಷ್ಯ ಎಂದೋ ಕೊಟ್ಟುಬಿಟ್ಟಿದ್ದಾನೆ. ಎಲ್ಲ ಗೆದ್ದವನು, ಒಡೆಯನ ಅಪ್ಪಣೆಯಿಲ್ಲದೆ ಕುರ್ಚಿ ಬಿಟ್ಟೇಳದವನು. ಬರ್ಟ್ ಹೊಗಳುವ ಆ ಗಟ್ಟಿತನಕ್ಕೆ ಒಡೆಯನಿಗೆ ಉಪಯೋಗಕ್ಕೆ ಬರುವ ಗುಣ ಎಂದಷ್ಟೇ ಅರ್ಥವಿರಬಹುದೇ ಎಂಬ ಅನುಮಾನವನ್ನು ಚಿತ್ರ ಸದ್ದಿಲ್ಲದೆ ಬಿತ್ತುತ್ತದೆ.

ಸಾರಾ ಪ್ಯಾಕರ್ಡ್‌ಗೆ ಇದು ಎಲ್ಲರಿಗಿಂತ ಮೊದಲೇ ತಿಳಿದಿದೆ. ಪೈಪರ್ ಲಾರಿ ಮಾಡಿದ ಈ ಪಾತ್ರ ಎಡ್ಡಿಗೆ ಎದುರಾಗುವುದು ನಸುಕಿನ ಬಸ್ ನಿಲ್ದಾಣದ ಉಪಾಹಾರ ಗೃಹದಲ್ಲಿ. ಅವಳಿಗೆ ಹೋಗಬೇಕಾದ ಬಸ್ಸಿಲ್ಲ. ಕಾಲು ಸ್ವಲ್ಪ ಕುಂಟು, ಕುಡಿತ ವಿಪರೀತ, ಅಪ್ಪ ಕಳಿಸುವ ದುಡ್ಡಿನಲ್ಲಿ ಜೀವನ, ವಾರದಲ್ಲಿ ಕೆಲವು ದಿನ ಕಾಲೇಜು. ಇಬ್ಬರೂ ಅವಳ ಪುಟ್ಟ ಮನೆ ಸೇರಿ ಬಾಟಲಿಗಳ ನಡುವೆ ಬದುಕತೊಡಗುತ್ತಾರೆ. ತಮ್ಮಿಬ್ಬರದು ಕೆಟ್ಟುಹೋಗುವ ಕರಾರು, ಕಿಟಕಿಯ ಪರದೆ ಇಳಿಸಿದರೆ ಸಾಕು ಎಂಬರ್ಥದ ಸಾಲನ್ನು ಅವಳು ಟೈಪ್‌ರೈಟರಿನಲ್ಲಿ ಹೊಡೆದಿಟ್ಟಿದ್ದಾಳೆ. ಅದನ್ನು ಓದಿ ಎಡ್ಡಿಗೆ ಮೈಯೆಲ್ಲ ಉರಿಯುತ್ತದೆ. ಏಮ್ಸ್ ಹಾಲಿನಲ್ಲಿ ಬಿಸಿಲನ್ನು ತೆಗೀರಿ ಎಂದವನಿಗೆ ಉರಿಯಲೇಬೇಕು.

ಇವರಿಬ್ಬರೂ ಊರ ಹೊರಗೆ ಬುತ್ತಿ ಕಟ್ಟಿಕೊಂಡು ಹೋಗುವ ದೃಶ್ಯವೊಂದಿದೆ. ಎಡ್ಡಿಯ ಎರಡೂ ಕೈಗೆ ಪ್ಲಾಸ್ಟರ್. ಹುಲ್ಲಿನ ಮೇಲೆ ಕೂತು, ಆಟ ಕೂಡಿಬಂದಾಗ ತನಗೆ ಏನಾಗುತ್ತದೆ ಎಂದು ವಿವರಿಸಲು ಹೊರಡುತ್ತಾನೆ. ಕ್ಯೂ ಎಂಬುದು ತನ್ನ ತೋಳಿನ ಮುಂದುವರಿಕೆ, ಆ ಕಟ್ಟಿಗೆಗೂ ನರಗಳಿವೆ, ಎಲ್ಲಿ ಹೊಡೆದರೆ ಎಲ್ಲಿ ಹೋಗಿ ನಿಲ್ಲುತ್ತದೆಂದು ಕೈಗೇ ಗೊತ್ತು. ಯಾವ ಕೆಲಸವೂ ಹಾಗೆ ಆಗಬಹುದು, ಇಟ್ಟಿಗೆ ಕಟ್ಟುವವನಿಗೂ ಆ ಅನುಭವ ಸಿಗಬಹುದು, ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿದ್ದರೆ ಸಾಕು. ಕೈ ಕಟ್ಟಿಹಾಕಿದ ಹೊತ್ತಿನಲ್ಲಿ ಅವನ ಬಾಯಿಂದ ಈ ಮಾತು ಹೊರಡುತ್ತದೆ ಎಂಬುದನ್ನು ಗಮನಿಸಿ. ದುಡ್ಡಿನ ಸುದ್ದಿಯೇ ಇಲ್ಲ, ಫ್ಯಾಟ್ಸ್‌ನ ಹೆಸರಿಲ್ಲ. ಸಾರಾ ಕೇಳಿಸಿಕೊಂಡು, ನೀನು ಸೋಲುವವನಲ್ಲ, ಗೆದ್ದವನು, ಇಂಥದ್ದು ಎಷ್ಟೋ ಜನರಿಗೆ ಜೀವಮಾನದಲ್ಲೇ ಸಿಗುವುದಿಲ್ಲ ಎನ್ನುತ್ತಾಳೆ. ನಿನ್ನನ್ನು ಪ್ರೀತಿಸುತ್ತೇನೆ ಎಂದೂ ಹೇಳುತ್ತಾಳೆ. ಅವನಿಗೆ ಅದನ್ನು ತಿರುಗಿ ಹೇಳಲು ಬಾಯಿ ಬರುವುದಿಲ್ಲ. ಬರ್ಟ್‌ನ ವ್ಯಾಖ್ಯಾನಕ್ಕೆ ಚಿತ್ರದಲ್ಲಿ ಸಿಗುವ ಉತ್ತರ ಇದೊಂದೇ. ಎಡ್ಡಿ ಕೇಳಿಸಿಕೊಳ್ಳುವುದಿಲ್ಲ, ನೋಡುವವರೂ ಅನೇಕ ಸಲ ದಾಟಿ ಹೋಗುತ್ತಾರೆ.

ಕುದುರೆ ರೇಸಿನ ಹೊತ್ತಿಗೆ ಎಡ್ಡಿ, ಸಾರಾ, ಬರ್ಟ್ ಮೂವರೂ ಕೆಂಟಕಿಯ ಲೂಯಿವಿಲ್‌ಗೆ ಹೋಗುತ್ತಾರೆ. ಅಲ್ಲಿನ ಶ್ರೀಮಂತ ಫಿಂಡ್ಲೆಯ ಮನೆಯ ಮೇಜಿಗೆ ಪಾಕೆಟ್‌ಗಳೇ ಇಲ್ಲ, ಅದು ಪಾಕೆಟ್ ಬೇಡದ ಬಗೆಯ ಬಿಲಿಯರ್ಡ್ಸ್. ಎಡ್ಡಿ ಸೋಲತೊಡಗುತ್ತಾನೆ. ಇನ್ನು ದುಡ್ಡು ಹಾಕುವುದಿಲ್ಲ ಎನ್ನುತ್ತಾನೆ ಬರ್ಟ್. ಎಡ್ಡಿ ಬೇಡುತ್ತಾನೆ. ಇವನ ಮುಂದೆ ಬೇಡಬೇಡ ಎನ್ನುತ್ತಾಳೆ ಸಾರಾ. ಅವಳನ್ನು ಹೊರಗಟ್ಟಿದ ಮೇಲೆ ಬರ್ಟ್ ಪರ್ಸು ತೆಗೆಯುತ್ತಾನೆ. ಎಡ್ಡಿ 12,000 ಗೆಲ್ಲುತ್ತಾನೆ. ಆ ರಾತ್ರಿಯೇ ಸಾರಾ, ಹೋಟೆಲಿನ ಬಚ್ಚಲ ಕನ್ನಡಿಯ ಮೇಲೆ ಮೂರು ಕಟು ಶಬ್ದ ಬರೆದು ಪ್ರಾಣ ಕಳೆದುಕೊಳ್ಳುತ್ತಾಳೆ.

ಇಲ್ಲಿ ನನ್ನದೊಂದು ತಕರಾರಿದೆ. ವಾಲ್ಟರ್ ಟೆವಿಸ್‌ರ 1959ರ ಮೂಲ ಕಾದಂಬರಿಯಲ್ಲಿ ಸಾರಾ ಸಾಯುವುದಿಲ್ಲ. ಅವಳನ್ನು ಕೊಂದವರು ಚಿತ್ರಕಥೆ ಬರೆದ ಸಿಡ್ನಿ ಕ್ಯಾರಲ್ ಮತ್ತು ರಾಸೆನ್. ನಾಯಕನಿಗೆ ಜ್ಞಾನೋದಯವಾಗಲು ನಾಯಕಿ ಸಾಯಬೇಕು ಎಂಬ ಹಳೆಯ ಸುಲಭದ ದಾರಿ ನಮ್ಮ ಚಿತ್ರಗಳಿಗೂ ಹೊಸದಲ್ಲ. ಇಷ್ಟು ಜಾಣ ಚಿತ್ರ ಆ ದಾರಿ ಹಿಡಿದದ್ದು ಬೇಸರ ತರಿಸುತ್ತದೆ. ಬರ್ಟ್‌ನನ್ನು ಅರ್ಥಮಾಡಿಕೊಂಡ ಒಬ್ಬಳೇ ಒಬ್ಬಳು ಅವಳು, ಅಂಥವಳಿಗೆ ಬಾಗಿಲು ತೆಗೆದು ನಡೆದುಹೋಗುವ ಅವಕಾಶವನ್ನಾದರೂ ಕೊಡಬಹುದಿತ್ತು. ದೃಶ್ಯವನ್ನು ಉಳಿಸುವುದು ಲಾರಿಯ ಅಭಿನಯ. ಅನುಕಂಪ ಕೇಳದ, ಕುಡಿದಾಗಲೂ ತೀಕ್ಷ್ಣವಾದ ಆ ಕಣ್ಣು. ಇದಾದ ಮೇಲೆ ಅವರು ಹದಿನೈದು ವರ್ಷ ಸಿನಿಮಾದಲ್ಲಿ ಕಾಣಿಸಿಕೊಳ್ಳಲಿಲ್ಲ, 1976ರ ‘ಕ್ಯಾರಿ’ಯಲ್ಲಿ ಮತ್ತೆ ಬಂದರು.

ಕೊನೆಯ ಪಂದ್ಯವನ್ನು ರಾಸೆನ್ ಬೇಗ ಮುಗಿಸುತ್ತಾರೆ. ಎಡ್ಡಿ ಏಮ್ಸ್‌ಗೆ ಬಂದು ತನ್ನ ಬಳಿ ಇರುವ 3,000 ಡಾಲರನ್ನೂ ಒಂದೇ ಆಟಕ್ಕೆ ಕಟ್ಟುತ್ತಾನೆ. ಮೊದಲ ಸಲ ಬೇಕಿದ್ದ ಮೆಚ್ಚುಗೆ ಈಗ ಬೇಕಿಲ್ಲ. ಆಟದ ನಡುವೆಯೇ ಸಾರಾಳ ಬಗ್ಗೆ ಬರ್ಟ್‌ಗೆ ಹೇಳುತ್ತಾನೆ: ಅವಳನ್ನು ಪ್ರೀತಿಸಿದ್ದೆ, ಒಂದು ಆಟಕ್ಕಾಗಿ ಅವಳನ್ನು ಮಾರಿಕೊಂಡೆ. ಫ್ಯಾಟ್ಸ್ ಕ್ಯೂ ಕೆಳಗಿಟ್ಟು, ನಿನ್ನನ್ನು ಗೆಲ್ಲಲಾರೆ ಎನ್ನುತ್ತಾನೆ. ಬರ್ಟ್‌ಗೆ ಕೊಡಬೇಕಾದ್ದನ್ನು ಎಡ್ಡಿ ಕೊಡುವುದಿಲ್ಲ. ಸರಿ, ಹೊಡೆಸುವುದಿಲ್ಲ, ಆದರೆ ಇನ್ನು ಮೇಲೆ ಯಾವ ದೊಡ್ಡ ಪೂಲ್ ಹಾಲಿಗೂ ಕಾಲಿಡಬೇಡ ಎಂದು ಬರ್ಟ್ ಅವನ ಮೇಲೆ ಶಾಶ್ವತ ಬಹಿಷ್ಕಾರ ಹಾಕುತ್ತಾನೆ. ಎಡ್ಡಿ, ಫ್ಯಾಟ್ಸ್ ಒಬ್ಬರ ಆಟವನ್ನೊಬ್ಬರು ಹೊಗಳುತ್ತಾರೆ. ಎಡ್ಡಿ ಹೊರಗೆ ಹೋಗುತ್ತಾನೆ, ಫ್ಯಾಟ್ಸ್ ಒಳಗೇ ಉಳಿಯುತ್ತಾನೆ.

ಆ ಬಹಿಷ್ಕಾರದ ಮಾತು ಕೇಳುವಾಗ ರಾಸೆನ್‌ರ ಬದುಕು ನೆನಪಾಗದೆ ಇರುವುದಿಲ್ಲ. ‘ಆಲ್ ದ ಕಿಂಗ್ಸ್ ಮೆನ್’ಗೆ 1949ರ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದವರು ಅವರು. ಹಿಂದೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. 1951ರಲ್ಲಿ ಅಮೆರಿಕದ ಸಂಸತ್ ಸಮಿತಿ ವಿಚಾರಣೆಗೆ ಕರೆದಾಗ ಜೊತೆಗಾರರ ಹೆಸರು ಹೇಳಲು ಒಪ್ಪಲಿಲ್ಲ, ಹಾಲಿವುಡ್‌ನ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡರು. 1953ರಲ್ಲಿ ಮತ್ತೆ ಹಾಜರಾಗಿ ಐವತ್ತಕ್ಕೂ ಹೆಚ್ಚು ಹೆಸರು ಕೊಟ್ಟರು. ಕೆಲಸ ಮರಳಿ ಸಿಕ್ಕಿತು. ಕಲಾವಿದನ ಜೀವನವನ್ನು ಕೃತಿಯ ಮೇಲೆ ಹೇರುವುದು ಒಳ್ಳೆಯ ಅಭ್ಯಾಸವಲ್ಲ ಎಂದು ನಾನೂ ನಂಬಿದವನೇ. ಆದರೂ, ಆಟದಲ್ಲಿ ಉಳಿಯಲು ತನ್ನವರನ್ನು ಮಾರಿಕೊಂಡವನ ಕಥೆಯನ್ನು, ಒಡೆಯನಿಗೆ ಕೊಡಲೊಪ್ಪದೆ ಆಟವನ್ನೇ ಬಿಟ್ಟು ನಡೆಯುವ ಅಂತ್ಯವನ್ನು ಈ ಮನುಷ್ಯನೇ ತೆಗೆದದ್ದು ಬರೀ ಕಾಕತಾಳೀಯ ಎನ್ನಲು ಮನಸ್ಸು ಒಪ್ಪುವುದಿಲ್ಲ. ಇದಾದ ಮೇಲೆ ಅವರು ಮಾಡಿದ್ದು ಇನ್ನೊಂದೇ ಚಿತ್ರ, 1964ರ ‘ಲಿಲಿತ್’. 1966ರಲ್ಲಿ ತೀರಿಕೊಂಡರು.

ಟೆವಿಸ್‌ರಿಗೆ ಸೋಲು, ಚಟ, ಪ್ರತಿಭೆ ಈ ಮೂರರ ಗಂಟು ಬಿಡಿಸಿದಷ್ಟೂ ಮುಗಿಯಲಿಲ್ಲ. ಅವರು 1983ರಲ್ಲಿ ಬರೆದ ‘ದಿ ಕ್ವೀನ್ಸ್ ಗ್ಯಾಂಬಿಟ್’ ನಮ್ಮ ಕಾಲದಲ್ಲಿ ಓಟಿಟಿ ಧಾರಾವಾಹಿಯಾಗಿ ಮನೆಮನೆ ತಲುಪಿತು. ಅಲ್ಲಿ ಮೇಜು ಚದುರಂಗದ್ದು, ಗುಳಿಗೆ ಮತ್ತು ಬಾಟಲಿ ಹಿಡಿದವಳು ಹುಡುಗಿ. ಅವಳಿಗೆ ಟೆವಿಸ್ ಸಾರಾಳ ಗತಿ ಕಾಣಿಸಲಿಲ್ಲ ಎಂಬುದು ಸಮಾಧಾನ. ಎಡ್ಡಿಯ ಮುಂದಿನ ಕಥೆಯನ್ನೂ ಅವರು ‘ದಿ ಕಲರ್ ಆಫ್ ಮನಿ’ಯಲ್ಲಿ ಬರೆದರು. ಮಾರ್ಟಿನ್ ಸ್ಕಾರ್ಸೇಸಿ 1986ರಲ್ಲಿ ಅದೇ ಹೆಸರಿನಲ್ಲಿ ಚಿತ್ರ ಮಾಡಿದಾಗ ನರೆತ ಎಡ್ಡಿಯ ಪಾತ್ರಕ್ಕೆ ನ್ಯೂಮನ್‌ಗೆ ಕೊನೆಗೂ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಬಣ್ಣದಲ್ಲಿ, ಕ್ಯಾಮೆರಾ ಗರಗರ ತಿರುಗುವ, ಟಾಮ್ ಕ್ರೂಸ್ ಕ್ಯೂ ಬೀಸುವ ಆ ಚಿತ್ರ ಚುರುಕಾಗಿದೆ. ಪ್ರಶಸ್ತಿ ಕೊಟ್ಟದ್ದು ಇಪ್ಪತ್ತೈದು ವರ್ಷದ ಹಳೆಯ ಸಾಲಕ್ಕೆ ಎಂದೇ ನನ್ನ ಭಾವನೆ.

‘ದಿ ಹಸ್ಲರ್’ ಬರುವ ಹೊತ್ತಿಗೆ ಅಮೆರಿಕದಲ್ಲಿ ಪೂಲ್ ಹಾಲ್‌ಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಚಿತ್ರ ನೋಡಿದ ಜನ ಮತ್ತೆ ಕ್ಯೂ ಹಿಡಿದರು. ಈ ಭರಾಟೆಯಲ್ಲಿ ಎಲ್ಲರಿಗಿಂತ ಹೆಚ್ಚು ಲಾಭ ಮಾಡಿಕೊಂಡವನು ರುಡಾಲ್ಫ್ ವಾಂಡರೋನ್ ಎಂಬ ದಪ್ಪನೆಯ, ಬಾಯಾಳಿ ಹಸ್ಲರ್. ನ್ಯೂಯಾರ್ಕ್ ಫ್ಯಾಟ್ಸ್ ಎನ್ನಿಸಿಕೊಂಡಿದ್ದವನು ಚಿತ್ರ ಬಂದ ಮೇಲೆ, ಆ ಮಿನೆಸೊಟಾ ಫ್ಯಾಟ್ಸ್ ನಾನೇ, ನನ್ನನ್ನು ನೋಡಿಯೇ ಬರೆದದ್ದು ಎಂದು ಸಾರತೊಡಗಿದ. ಅದು ತಾನು ಕಲ್ಪಿಸಿದ ಪಾತ್ರ ಎಂದು ಟೆವಿಸ್ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ವಾಂಡರೋನ್ ಆ ಹೆಸರಿನಲ್ಲಿ ಪುಸ್ತಕ ತಂದ, ಟೀವಿ ಕಾರ್ಯಕ್ರಮ ನಡೆಸಿದ. ಹದಿನೈದು ಸಲ ವಿಶ್ವ ಚಾಂಪಿಯನ್ ಆಗಿದ್ದ, ಮರ್ಯಾದಸ್ಥ ಮಾಸ್ಕೋನಿಗೆ ಈ ಬಡಾಯಿ ನುಂಗಲಾರದ ತುತ್ತಾಯಿತು. 1978ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ, ಟೀವಿ ಕ್ಯಾಮೆರಾಗಳ ಎದುರು ಇಬ್ಬರೂ ಆಡಿದರು. ಮಾಸ್ಕೋನಿ ಬಾಯಿ ಬಿಗಿಹಿಡಿದು ಆಡಿ ಗೆದ್ದರು. ವಾಂಡರೋನ್ ಆಟದುದ್ದಕ್ಕೂ ಹರಟೆ ಹೊಡೆಯುತ್ತ, ಪ್ರೇಕ್ಷಕರನ್ನು ನಗಿಸುತ್ತ ಸೋತ, ಮತ್ತು ಸಾಯುವವರೆಗೂ ಮಿನೆಸೊಟಾ ಫ್ಯಾಟ್ಸ್ ಎಂದೇ ಸಹಿ ಹಾಕುತ್ತಿದ್ದ.